ಮೇಲಿನ ಹಲಗೆ, ಕೆಳಗಿನ ಹಲಗೆ

ನೆವಿಲ್ ಹ್ಯಾಸ್ಕೆಟ್‌ಗೆ ಲಕ್ವ ಹೊಡೆದಾಗ ಊರಿನವರೆಲ್ಲ ಅಯ್ಯೋ ಪಾಪ ಅಂದರು. ನಾನೂ ಅಂದೆ. ಆದರೆ ನನ್ನ ಮನಸ್ಸಿಗೆ ಮೊದಲು ಬಂದದ್ದು, ಇನ್ನು ಮೇಲೆ ಶೆಡ್ಡಿನಲ್ಲಿ ಕಿಟಕಿ ಪಕ್ಕದ ಗರಗಸ ನನ್ನದಾಗುತ್ತದೆ ಅನ್ನುವುದು. ನಾನೇನೂ ಸಾಧು ಅಲ್ಲ, ಸಾಧು ಅಂತ ಎಲ್ಲೂ ಹೇಳಿಕೊಂಡವನೂ ಅಲ್ಲ.

ಟಾಸ್ಮೇನಿಯಾದ ಉತ್ತರ ಕರಾವಳಿಯ ನಮ್ಮ ಊರಿನಲ್ಲಿ, ಹಳೇ ಅಗ್ನಿಶಾಮಕ ಠಾಣೆಯ ಹಿಂದೆ, ಗಂಡಸರ ಶೆಡ್ ಇದೆ. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುವವರನ್ನೆಲ್ಲ ಬೆಳಿಗ್ಗೆ ಅಲ್ಲಿಗೆ ಅಟ್ಟುತ್ತಾರೆ. ಒಬ್ಬ ಟಪಾಲು ಡಬ್ಬಿ ಮಾಡುತ್ತಾನೆ, ಇನ್ನೊಬ್ಬ ಹುಲ್ಲು ಕತ್ತರಿಸುವ ಮಿಷನ್ ಬಿಚ್ಚಿ ಮತ್ತೆ ಜೋಡಿಸಲಾಗದೆ ಕೂರುತ್ತಾನೆ. ನಮ್ಮಂಥ ಕೆಲವರಿಗೆ ಸ್ಕ್ರೋಲ್ ಸಾ ಹುಚ್ಚು. ನೂಲಿನಷ್ಟು ಸಪೂರದ ಬ್ಲೇಡು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನಾವು ತೆಳು ಹಲಗೆಯನ್ನು ಅದರ ಸುತ್ತ ತಿರುಗಿಸುತ್ತ ಹೂವು, ಹಕ್ಕಿ, ಸತ್ತವರ ಮುಖ, ಏನು ಬೇಕಾದರೂ ಕೊಯ್ದು ತೆಗೆಯುತ್ತೇವೆ. ಇದರಲ್ಲಿ ನೆವಿಲ್‌ನನ್ನು ಮೀರಿಸಿದವರಿಲ್ಲ. ಅವನು ಬಾಯಿಬಿಟ್ಟು ಅದನ್ನು ಹೇಳದ ದಿನವೂ ಇರಲಿಲ್ಲ.

ಶೆಡ್ಡಿನಲ್ಲಿ ಒಂದು ರೂಢಿ ಇದೆ. ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಅಂಚಿಗೆ ಟೇಪು ಸುತ್ತಿ, ಮೇಲೆ ಚಿತ್ರದ ಕಾಗದ ಅಂಟಿಸಿ, ಎರಡನ್ನೂ ಒಟ್ಟಿಗೇ ಕೊಯ್ಯುತ್ತೇವೆ. ಒಂದು ದುಡಿಮೆಗೆ ಎರಡು ಫಲ. ಮೇಲಿನ ಹಲಗೆ ಬೆಣ್ಣೆಯ ಹಾಗೆ ನುಣ್ಣಗೆ ಬರುತ್ತದೆ. ಕೆಳಗಿನದರ ಬೆನ್ನಿಗೆ ಬ್ಲೇಡು ಸಿಬಿರು ಎಬ್ಬಿಸಿರುತ್ತದೆ. ಆದ್ದರಿಂದ ಮೇಲಿನದು ವರ್ಷಕ್ಕೊಮ್ಮೆ ನಡೆಯುವ ಊರಿನ ಷೋಗೆ, ಬಹುಮಾನಕ್ಕೆ. ಕೆಳಗಿನದನ್ನು ಉಜ್ಜಿ, ಅಗ್ಗಕ್ಕೆ ಮಾರುವ ಚರ್ಚಿನ ಸ್ಟಾಲಿಗೆ ಕೊಡುತ್ತೇವೆ.

ನೆವಿಲ್‌ನ ಹಲಗೆಗಳನ್ನು ಉಜ್ಜುತ್ತಿದ್ದವಳು ಅವನ ಹೆಂಡತಿ ತೆಲ್ಮಾ. ಮದುವೆಯಾದಂದಿನಿಂದ ಉಜ್ಜಿದ್ದಾಳೆ. ಹಿತ್ತಿಲ ಜಗುಲಿಯಲ್ಲಿ ತಟ್ಟೆಯ ತುಂಬ ತುಂಡು ಇಟ್ಟುಕೊಂಡು, ಸಣ್ಣ ಅರ ಹಿಡಿದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಕೂತಿರುತ್ತಿದ್ದಳು. ಅವಳು ಮುಗಿಸಿದ ಮೇಲೆ ನೆವಿಲ್ ಹಳೇ ನೈಲಾನ್ ಕಾಲುಚೀಲವನ್ನು ಕೈಗೆ ಸುತ್ತಿ ಹಲಗೆಯ ಬೆನ್ನ ಮೇಲೆ ಸವರುತ್ತಿದ್ದ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಮುಗಿಯಿತು. "ತಪ್ಪು. ಮತ್ತೆ ಮಾಡು," ಅಂತ ಹೇಳಿ ಅಷ್ಟನ್ನೂ ತಟ್ಟೆಗೆ ಸುರಿಯುತ್ತಿದ್ದ. ನಾವು ಟೀ ಕುಡಿಯುತ್ತ ಎದುರಿಗೇ ಕೂತಿದ್ದರೂ ಅವನಿಗೆ ಸಂಕೋಚವಿರಲಿಲ್ಲ. ಇವಳ ಕೈಗೆ ಗರಗಸ ಕೊಟ್ಟರೆ ಮೊದಲು ಬೆರಳು ಹೋಗುತ್ತೆ, ಆಮೇಲೆ ಮರ ಹೋಗುತ್ತೆ, ಬೆರಳಾದರೆ ಹೋಗಲಿ, ಮರ ದುಬಾರಿ ಅನ್ನುವುದು ಅವನ ಖಾಯಂ ಹಾಸ್ಯ. ನಾವು ನಗುತ್ತಿದ್ದೆವು. ತೆಲ್ಮಾನೂ ನಗುತ್ತಿದ್ದಳು, ಮೂಗಿಗಿಂತ ಮೂಗುತಿ ಭಾರವಾದರೂ ಹೊತ್ತುಕೊಂಡು ಓಡಾಡುವವಳು ಅವಳು.

ಅವಳು ಅದನ್ನೆಲ್ಲ ಹೊತ್ತದ್ದು ಒಂದೇ ಒಂದು ಹಲಗೆಯ ಬಲದ ಮೇಲೆ. ಅವರ ಮದುವೆಯ ನಲವತ್ತನೇ ವರ್ಷಕ್ಕೆ ನೆವಿಲ್ ಹ್ಯೂವನ್ ಪೈನ್ ಮರದಲ್ಲಿ ಜೋಡಿ ರೆನ್ ಹಕ್ಕಿಗಳನ್ನು ಕೊಯ್ದುಕೊಟ್ಟಿದ್ದ. ಜರೀಗಿಡದ ನಡುವೆ ಬಾಲ ಎತ್ತಿಕೊಂಡು ಕೂತ ಗಂಡು, ಪಕ್ಕದಲ್ಲಿ ಹೆಣ್ಣು. ಹಿಂಬದಿಗೆ ನೀಲಿ ಬಟ್ಟೆ ಅಂಟಿಸಿ, ಕಟ್ಟು ಹಾಕಿಸಿ, ಇದನ್ನು ಬಿಚ್ಚಬೇಡ, ಹಕ್ಕಿಯ ಕಾಲು ಮುರಿಯುತ್ತೆ ಅಂದಿದ್ದ. ಇದೊಂದನ್ನೇ ಮಾಡಿದ್ದು, ಚಿತ್ರದ ಕಾಗದ ಸುಟ್ಟುಹಾಕಿದೆ, ಇದನ್ನು ನೀನು ಉಜ್ಜುವುದೂ ಬೇಡ ಅಂದಿದ್ದ. ಆ ಕೊನೆಯ ಮಾತನ್ನು ತೆಲ್ಮಾ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬೈದರೇನಂತೆ, ಮಾತು ಒರಟು, ಮನಸ್ಸು ಅಲ್ಲಿದೆ ನೋಡಿ ಅಂತ ಗೋಡೆ ತೋರಿಸುತ್ತಿದ್ದಳು. ರೆನ್ ಹಕ್ಕಿ ಜೋಡಿ ಬಿಟ್ಟು ಹೋಗಲ್ಲವಂತೆ ಅಂತಲೂ ಸೇರಿಸುತ್ತಿದ್ದಳು. ಹಕ್ಕಿ ನೋಡುವ ಹವ್ಯಾಸವಿದ್ದವರು ಅದನ್ನು ಕೇಳಿ ಟೀ ಲೋಟದೊಳಗೆ ಮುಖ ಹುದುಗಿಸುತ್ತಿದ್ದರು. ಆ ಹಕ್ಕಿಯ ಗಂಡು ಎಷ್ಟು ಪೊದೆ ಸುತ್ತುತ್ತದೆ ಅನ್ನುವುದು ಅವರಿಗೆ ಗೊತ್ತು.

ನೆವಿಲ್ ಸುತ್ತುತ್ತಿದ್ದ ಪೊದೆ ಐಲ್ಸಾ ಕ್ರಾಂಬಿ. ಗಂಡ ಸತ್ತ ಹೆಂಗಸು, ಬೌಲ್ಸ್ ಆಟದ ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಅವಳ ಮನೆಯ ಹುಲ್ಲು ಕತ್ತರಿಸಲು ನೆವಿಲ್ ಪ್ರತಿ ಮಂಗಳವಾರ ಹೋಗುತ್ತಿದ್ದ. ಚಳಿಗಾಲದಲ್ಲಿ ಹುಲ್ಲು ಬೆಳೆಯದೆ ನಿಂತಾಗಲೂ ಹೋಗುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕತೆ.

ಲಕ್ವ ಅವನ ಬಲಗೈಯನ್ನೂ ಮಾತನ್ನೂ ತೆಗೆದುಕೊಂಡು ಹೋಯಿತು. ಅಷ್ಟು ಉದ್ದದ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು, "ಸರಿ". ಹಸಿವಾದರೂ ಸರಿ, ಉಚ್ಚೆ ಬಂದರೂ ಸರಿ, ಸಿಟ್ಟು ಬಂದರೂ ಸರಿ. ತಲೆ ಮಾತ್ರ ಚೆನ್ನಾಗಿಯೇ ಇದೆ, ಎಲ್ಲ ಅರ್ಥವಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ತೆಲ್ಮಾ ಅವನಿಗೆ ಉಣಿಸಿದಳು, ಒರೆಸಿದಳು, ಗಾಲಿಕುರ್ಚಿಯಲ್ಲಿ ಕೂರಿಸಿ ಸಮುದ್ರದ ದಂಡೆಗೆ ತಳ್ಳಿಕೊಂಡು ಹೋದಳು.

ಆ ವರ್ಷದ ಷೋನಲ್ಲಿ ನೆವಿಲ್‌ಗೆ ಒಂದು ಮೇಜು ಮೀಸಲಿಡೋಣ ಅಂತ ಶೆಡ್ಡಿನವರು ತೀರ್ಮಾನಿಸಿದರು. ಅವನು ಮಾಡಿದ್ದು ಯಾರ ಮನೆಯಲ್ಲಿದ್ದರೂ ತಂದು ಕೊಡಿ ಅಂತ ಊರಿನ ಅಂಗಡಿಗಳಲ್ಲಿ ಚೀಟಿ ಅಂಟಿಸಿದೆವು. ಗಡಿಯಾರ ಬಂತು, ಕ್ರಿಸ್ಮಸ್ ಕಮಾನು ಬಂತು, ಮಕ್ಕಳ ಹೆಸರಿನ ಹಲಗೆಗಳು ಬಂದವು. ತೆಲ್ಮಾ ತನ್ನ ಹಕ್ಕಿಗಳನ್ನು ಹಿಂದಿನ ದಿನವೇ ತಂದು ನಟ್ಟ ನಡುವೆ ಇಟ್ಟು, ಧೂಳು ಒರೆಸಿ ಹೋಗಿದ್ದಳು.

ಷೋ ದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ, ಐಲ್ಸಾ ಬಂದಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ್ದ ಗಂಟು. ಬಿಚ್ಚಿದಳು. ಜರೀಗಿಡ, ಬಾಲ ಎತ್ತಿದ ಗಂಡು, ಪಕ್ಕದಲ್ಲಿ ಹೆಣ್ಣು. ಕಟ್ಟಿಲ್ಲ, ಬಟ್ಟೆ ಅಂಟಿಸಿಲ್ಲ, ಅಡುಗೆಮನೆ ಕಿಟಕಿಗೆ ತೂಗುಹಾಕಿದ್ದಳಂತೆ, ಬಿಸಿಲಿಗೆ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಗಂಡು ಹಕ್ಕಿಯ ಬಾಲದ ಕೆಳಗೆ ಬ್ಲೇಡು ಒಂದು ಎಳ್ಳಿನಷ್ಟು ಜಾರಿತ್ತು. ತೆಲ್ಮಾಳ ಹಲಗೆ ನೋಡಿದೆ. ಅಲ್ಲೂ ಅದೇ ಜಾಗ, ಅದೇ ಜಾರು. ಬೇರೆ ಬೇರೆ ಕೊಯ್ದರೆ ಕೈ ಒಂದೇ ಕಡೆ ಜಾರುವುದಿಲ್ಲ.

ಅದನ್ನು ಒಳಗಿಡು ಅಂತ ನಾನು ಐಲ್ಸಾಗೆ ಹೇಳುವಷ್ಟರಲ್ಲಿ ಗಾಲಿಕುರ್ಚಿ ಹಿಂದೆಯೇ ಬಂದು ನಿಂತಿತ್ತು. ನೆವಿಲ್ ಹೊಸ ಟೈ ಕಟ್ಟಿಕೊಂಡಿದ್ದ. ತೆಲ್ಮಾ ಎರಡು ಹಲಗೆಗಳನ್ನೂ ನೋಡಿದಳು. ಬಾಲದ ಕೆಳಗೆ ಬೆರಳಿಟ್ಟು ನೋಡಿದಳು. ನಲವತ್ತು ವರ್ಷಕ್ಕೂ ಮೀರಿ ಉಜ್ಜಿದ ಬೆರಳಿಗೆ ಪಾಠ ಹೇಳಬೇಕಾಗಿರಲಿಲ್ಲ.

"ಇದನ್ನ ಯಾವಾಗ ಕೊಟ್ಟ, ಐಲ್ಸಾ?" ಅಂತ ಮೆಲ್ಲಗೆ ಕೇಳಿದಳು.

ಐಲ್ಸಾಳ ಮುಖ ಬಿಳಿಚಿತ್ತು. "ನನ್ ಗಂಡ ತೀರ್ಕೊಂಡ್ ವರ್ಷ. ಇದೊಂದೇ ಮಾಡಿದ್ದು, ಕಾಗದ ಸುಟ್ಟಾಕಿದೀನಿ ಅಂದಿದ್ದ."

"ನಂಗೂ ಹಂಗೇ ಅಂದಿದ್ದ," ಅಂದಳು ತೆಲ್ಮಾ.

ನೆವಿಲ್ ಎಡಗೈಯನ್ನು ಕುರ್ಚಿಯ ತೋಳಿಗೆ ಬಡಿಯುತ್ತ "ಸರಿ, ಸರಿ, ಸರಿ," ಅಂದ.

ತೆಲ್ಮಾ ತನ್ನ ಹಲಗೆಯನ್ನು ಮಗುಚಿ, ಕಟ್ಟು ಬಿಚ್ಚಿ, ನೀಲಿ ಬಟ್ಟೆಯ ಮೂಲೆಗೆ ಉಗುರು ಹಾಕಿ ಚರ್ರೆಂದು ಎಳೆದಳು. ಹಕ್ಕಿಯ ಕಾಲೇನೂ ಮುರಿಯಲಿಲ್ಲ. ಬೆನ್ನ ತುಂಬ ಸಿಬಿರು, ಉಜ್ಜದ ಸಿಬಿರು. ಐಲ್ಸಾಳದ್ದರ ಬೆನ್ನು ನುಣ್ಣಗಿತ್ತು. ತೆಲ್ಮಾ ಎರಡರ ಮೇಲೂ ಅಂಗೈ ಸವರಿ, ನನ್ನ ಕಡೆ ತಿರುಗಿ, "ನಂದು ಕೆಳಗಿಂದು ಕಣೋ ಮರ್ವ್, ಸ್ಟಾಲಿಂದು," ಅಂದಳು. ಅವಳು ಅತ್ತಿದ್ದರೆ ನಾನು ಏನಾದರೂ ಸಮಾಧಾನ ಹೇಳುತ್ತಿದ್ದೆ. ಅಳಲಿಲ್ಲ. ಐಲ್ಸಾ ಟವೆಲನ್ನೂ ಹಲಗೆಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು. ಆಮೇಲೆ ನಾನು ಹಿಂತಿರುಗಿಸಲು ಹೋದಾಗ ಒಲೆಗೆ ಹಾಕು ಅಂತ ಬಾಗಿಲು ಮುಚ್ಚಿದಳು. ಅದನ್ನು ತೆಲ್ಮಾ ನನ್ನ ಕೈಯಿಂದ ಇಸಿದುಕೊಂಡಳು.

ಷೋ ಮುಗಿದು ಸ್ವಲ್ಪ ದಿನಕ್ಕೆ ಅವಳೇ ಶೆಡ್ಡಿಗೆ ಬಂದಳು. ನೆವಿಲ್‌ನ ಎಡಗೈ ಚುರುಕಾಗಲು ಚಿತ್ರದ ತುಂಡು ಜೋಡಿಸುವ ಆಟ ಆಡಿಸಿ ಅಂತ ವ್ಯಾಯಾಮ ಹೇಳಿಕೊಡುವ ಹುಡುಗಿ ಹೇಳಿದ್ದಾಳೆ, ಅದನ್ನು ನಾನೇ ಕೊಯ್ಯಬೇಕು, ಕಲಿಸು ಅಂದಳು. ಕಿಟಕಿ ಪಕ್ಕದ ಗರಗಸದ ಮುಂದೆ ಕೂರಿಸಿದೆ. ಬೆರಳೂ ಹೋಗಲಿಲ್ಲ, ಮರವೂ ಹೋಗಲಿಲ್ಲ. ಹಾಳು ಪ್ಲೈವುಡ್ಡಿನ ಮೇಲೆ ಕೆಲವು ವಾರ ಪಳಗಿದ ಮೇಲೆ ಅವಳು ಗೆರೆ ಹಿಡಿದು ಕೊಯ್ಯುವುದನ್ನು ನೋಡಿದರೆ, ಇಷ್ಟು ವರ್ಷ ಇವಳ ಕೈಗೆ ಅರ ಕೊಟ್ಟು ಕೂರಿಸಿದ್ದು ಎಂಥ ದಂಡ ಅನ್ನಿಸಿತು.

ಒಂದು ದಿನ ಅವಳು ಚೀಲದಿಂದ ಹಕ್ಕಿಗಳ ಎರಡೂ ಹಲಗೆ ತೆಗೆದಳು. ಕೆಳಗಿನದರ ಬೆನ್ನನ್ನು ತಾನೇ ಉಜ್ಜಿ ನುಣ್ಣಗೆ ಮಾಡಿದ್ದಳು. ಎರಡಕ್ಕೂ, ಎರಡೂ ಬದಿಗೂ, ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗಿದ್ದಕ್ಕೂ ತಿರುಗದ್ದಕ್ಕೂ, ಕರಿ ಬಣ್ಣ ಹೊಡೆದಿದ್ದಳು. ಅಂಥ ಮರ ಈಗ ದುಡ್ಡು ಕೊಟ್ಟರೂ ಹುಟ್ಟುವುದಿಲ್ಲ, ನಿನಗೆ ತಲೆ ಕೆಟ್ಟಿದೆಯಾ ಅಂತ ಬೈದೆ.

"ಮರದ್ ಮೇಲೆ ನಿಂಗೆಷ್ಟು ಕರುಳು ನೋಡು," ಅಂದಳು. "ಟೇಪ್ ಕೊಡು."

ಎರಡನ್ನೂ ಒಂದರ ಮೇಲೊಂದು ಇಟ್ಟು, ಅಂಚಿಗೆ ಟೇಪು ಸುತ್ತಿ, ಗಂಡ ಮಾಡುತ್ತಿದ್ದ ಹಾಗೆಯೇ, ಅಡ್ಡಾದಿಡ್ಡಿ ಗೆರೆ ಎಳೆದು ತುಂಡು ತುಂಡಾಗಿ ಕೊಯ್ದಳು. ಕರಿ ಬಣ್ಣದ ಒಳಗಿಂದಲೂ ಆ ಮರದ ಪರಿಮಳ ಎದ್ದು ಶೆಡ್ಡೆಲ್ಲ ತುಂಬಿತು. ಎದ್ದ ಹೊಸ ಸಿಬಿರನ್ನೂ ಅರದಿಂದ ಉಜ್ಜಿ ತೆಗೆದು, ಎಲ್ಲ ತುಂಡುಗಳನ್ನೂ ಬಿಸ್ಕತ್ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಗಲಗಲ ಅಲ್ಲಾಡಿಸಿ ಎತ್ತಿಕೊಂಡು ಹೋದಳು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ತೆಲ್ಮಾ ನನಗೆ ಬಿಸಿ ಟೀ, ಲ್ಯಾಮಿಂಗ್ಟನ್ ಕೇಕು ಕೊಟ್ಟಳು. ನೆವಿಲ್‌ನ ಟೀ ಬಟ್ಟಲು ಅವನ ಕೈಗೆ ನಿಲುಕದ ಕಪಾಟಿನ ಮೇಲೆ ಹಬೆಯಾಡುತ್ತಿತ್ತು. ಅವನ ಮುಂದೆ ಮೇಜಿನ ಮೇಲೆ ಎರಡು ತಟ್ಟೆ. ಎಡಗಡೆಯದರಲ್ಲಿ ತೆಲ್ಮಾಳ ಹಕ್ಕಿ ಜೋಡಿಸಬೇಕು, ಬಲಗಡೆಯದರಲ್ಲಿ ಐಲ್ಸಾಳದ್ದು. ಯಾರದ್ದು ಯಾವುದು ಅಂತ ಒಂದೊಂದು ತುಂಡೂ ಸರಿಯಾಗಿರಬೇಕು. ಜೋಡಿಸಿದ ಮೇಲೆ ಟೀ. ಎಡಗೈಯ ಹೆಬ್ಬೆರಳಿನಿಂದ ಅವನು ಪ್ರತಿ ತುಂಡಿನ ಬೆನ್ನನ್ನೂ ಸವರಿ ಸವರಿ ಸಿಬಿರು ಹುಡುಕುತ್ತಿದ್ದ. ಬೆವರಿದ್ದ. ಕೊನೆಗೂ ಎರಡೂ ಜೋಡಿ ಪೂರ್ತಿಯಾದವು. ಬಾಲದ ಕೆಳಗಿನ ಜಾರು ಎರಡರಲ್ಲೂ ಕಾಣಿಸುತ್ತಿತ್ತು.

"ಸರಿ?" ಅಂದ.

ತೆಲ್ಮಾ ಕೈಗೆ ಹಳೇ ನೈಲಾನ್ ಕಾಲುಚೀಲ ಸುತ್ತಿಕೊಂಡು ಎಡಗಡೆಯದರ ಮೇಲೆ ನಿಧಾನವಾಗಿ ಸವರಿದಳು. ಅವನು ಉಸಿರು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ.

"ತಪ್ಪು. ಮತ್ತೆ ಮಾಡು," ಅಂದಳು. ಎರಡು ತಟ್ಟೆಯನ್ನೂ ಡಬ್ಬಿಗೆ ಸುರಿದು ಅಲ್ಲಾಡಿಸಿ ಅವನ ಮುಂದೆ ಬೋರಲು ಹಾಕಿದಳು.

ಅವನ ಬಾಯಿ ಸೊಟ್ಟಗಾಯಿತು, ಕಣ್ಣಲ್ಲಿ ನೀರು ಬಂತು. ನನಗೆ ಅಯ್ಯೋ ಅನ್ನಿಸಿತು. ತಟ್ಟೆಯ ಮುಂದೆ ಕನ್ನಡಕ ಜಾರಿಸಿಕೊಂಡು ಕೂತಿರುತ್ತಿದ್ದ ಆ ಹಳೇ ತೆಲ್ಮಾ ನೆನಪಾಗಿ, ಅಯ್ಯೋ ಅನ್ನಿಸಿದ್ದು ಅರ್ಧಕ್ಕೆ ನಿಂತಿತು. ಮಾಡಿದ್ದುಣ್ಣೋ ಮಹರಾಯ ಅಂತ ಅಂದುಕೊಂಡೆನಾದರೂ ಕೇಕನ್ನು ಅಲ್ಲೇ ಬಿಟ್ಟು ಎದ್ದೆ.

ಬಾಗಿಲವರೆಗೆ ಬಂದ ತೆಲ್ಮಾಳನ್ನು ಕೇಳಿದೆ. "ಬೆನ್ನು ಉಜ್ಜಿದೀಯ, ಬಣ್ಣ ಹೊಡ್ದಿದೀಯ. ಯಾವ ತುಂಡು ನಿಂದು ಅಂತ ಹೆಂಗೆ ಗೊತ್ತಾಗುತ್ತೆ ನಿಂಗೆ?"

"ಗೊತ್ತಾಗಲ್ಲ," ಅಂದಳು. "ಇವತ್ತು ಸರಿಯಾಗೇ ಜೋಡಿಸಿದ್ನೋ ಏನೋ."

"ನಿಂಗೇ ಗೊತ್ತಾಗಲ್ಲ ಅನ್ನೋದು ಅವನಿಗ್ ಗೊತ್ತಾ?"

"ಎರಡು ಮಾಡಿದೀನಿ ಅಂತ ಅವ್ನು ನಂಗ್ ಹೇಳಿದ್ನಾ?"

ಒಳಗಿಂದ ತುಂಡುಗಳನ್ನು ಮೇಜಿನ ಮೇಲೆ ಹರಡುವ ಸದ್ದು ಬಂತು. ತೆಲ್ಮಾ ಒಳಗೆ ಹೋಗಿ ಕಪಾಟಿನ ಮೇಲಿದ್ದ ಬಟ್ಟಲಿಗೆ ಬೆರಳು ಅದ್ದಿ, ಇನ್ನೂ ಬೆಚ್ಚಗಿದೆ ಅಂತ ನೋಡಿ, ಅದನ್ನು ಅಲ್ಲೇ ಬಿಟ್ಟಳು.