ಹಕಾರ

"ಅಕ್ಕಿ," ಎಂದಳು ಭವ್ಯ.

ಫೋನಿನ ಪರದೆಯಲ್ಲಿ ಕೊಂಬೆಯ ಮೇಲೆ ಕೂತಿದ್ದ ನೀಲಿ ಹಕ್ಕಿಯ ಕೆಳಗೆ 'ಅಕ್ಕಿ' ಎಂದೇ ಅಕ್ಷರ ಮೂಡಿ, ಪಕ್ಕದಲ್ಲಿ ಕೆಂಪು ಗುರುತು ಬಿತ್ತು. 'ಮುಂದೆ' ಎನ್ನುವ ಗುಂಡಿ ಬೂದು ಬಣ್ಣದಲ್ಲೇ ಉಳಿಯಿತು. ಅದು ಹಸಿರಾಗದೆ ಪಾಠ ಮುಂದಕ್ಕೆ ಹೋಗುವುದಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಅದಕ್ಕೆ ಗುಂಡಿಯೇ ಇಲ್ಲ.

"ಅಕ್ಕಿ ಅಲ್ಲ ಅತ್ತಿಗೆ, ಹಕ್ಕಿ. ಹ, ಹ," ಪಕ್ಕದಲ್ಲಿ ಕೂತಿದ್ದ ಪವಿತ್ರ ನಕ್ಕಳು. "ಅಂಗೈನ ಬಾಯಿ ಮುಂದೆ ಹಿಡ್ಕೊಳಿ. ಉಸಿರು ಅಂಗೈಗೆ ತಾಕಿದ್ರೆ ಅದು ಹಕಾರ. ತಾಕ್ಲಿಲ್ಲ ಅಂದ್ರೆ ಬರೀ ಅ."

ಭವ್ಯ ಅಂಗೈ ಎತ್ತಿದಳು. ಬೆಳ್ಳುಳ್ಳಿ ಸುಲಿದ ವಾಸನೆ ಇನ್ನೂ ಬೆರಳಲ್ಲಿತ್ತು. ಎದೆಯಿಂದ ಎಳೆದು ತಂದವಳಂತೆ "ಹ್ಹಕ್ಕಿ" ಎಂದಳು. ಗುಂಡಿ ಹಸಿರಾಯಿತು.

"ಮನೇಲಿರ ಅಕ್ಕಿ ಬೇಯ್ಸದ್ ಬುಟ್ಟು ಫೋನ್ನಲ್ಲಿರ ಅಕ್ಕಿ ನೋಡ್ಕಂಡು ಕುಂತವ್ಳಲ್ಲ ಇವ್ಳು!" ನಡುಮನೆಯಿಂದ ಅತ್ತೆ ಸುವರ್ಣಮ್ಮನ ದನಿ ಬಂತು. "ಭವ್ಯಾ, ಎಸರಿಟ್ಟಿದ್ದೀಯಾ?"

"ಇಟ್ಟೆ ಅತ್ತೆ," ಎನ್ನುತ್ತ ಅವಳು ಎದ್ದಳು. ಹಸಿರು ಗುಂಡಿ ಅಲ್ಲೇ ಕಾಯುತ್ತ ಉಳಿಯಿತು.

ಪವಿತ್ರ ಈ ಮನೆಯ ಮಗಳು, ಭವ್ಯಳ ಗಂಡ ಶಾಂತಮೂರ್ತಿಯ ತಂಗಿ. ಮೈಸೂರಿನಲ್ಲಿ ಶೈಕ್ಷಣಿಕ ತಂತ್ರಜ್ಞಾನ ಅಂತ ಏನನ್ನೋ ಓದುತ್ತಿದ್ದಳು. ಅದೇನು ಎಂದು ಮುಳ್ಳೂರಿನಲ್ಲಿ ಯಾರಾದರೂ ಕೇಳಿದರೆ ಅವಳ ಅಪ್ಪ ಷಡಕ್ಷರಿಯವರು "ಫೋನ್ನಲ್ಲಿ ಮೇಷ್ಟ್ರು ಮಾಡದು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಈ ಸಲ ಪರೀಕ್ಷೆಯ ಬದಲು ಒಂದು ಆನ್‌ಲೈನ್ ಕೋರ್ಸನ್ನೇ ತಯಾರು ಮಾಡಿ ಒಪ್ಪಿಸಬೇಕಿತ್ತು. ಅರ್ಧಕ್ಕೆ ಶಾಲೆ ಬಿಟ್ಟ ಹೆಂಗಸರಿಗೆ ಹತ್ತನೇ ತರಗತಿಯ ಕನ್ನಡ, ಎಂಟು ಪಾಠ. ಪಾಠ ತಯಾರಾದ ಮೇಲೆ ಅದನ್ನು ಯಾರ ಮೇಲಾದರೂ ಪ್ರಯೋಗ ಮಾಡಬೇಕಲ್ಲ. ಒಂಬತ್ತನೇ ತರಗತಿಗೇ ಓದು ಬಿಟ್ಟ ಅತ್ತಿಗೆ ಮನೆಯಲ್ಲೇ ಇದ್ದಳು. ಪವಿತ್ರ ತನ್ನ ಹಳೆಯ ಫೋನನ್ನು ಒರೆಸಿ ಅವಳ ಕೈಗೆ ಕೊಟ್ಟಳು.

ಮೊದಮೊದಲು ಒಂದೊಂದು ಪಾಠವೂ ಇಪ್ಪತ್ತು ನಿಮಿಷದ ವಿಡಿಯೋ ಆಗಿತ್ತು. ಭವ್ಯ ಎಲ್ಲಿ ನಿಲ್ಲಿಸಿದಳು ಎನ್ನುವುದು ಪವಿತ್ರಳ ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ಆ ಗೆರೆ ದಿನವೂ ಶುರುವಾದ ಸ್ವಲ್ಪ ಹೊತ್ತಿಗೆ ದೊಪ್ಪನೆ ಕೆಳಗೆ ಬೀಳುತ್ತಿತ್ತು. ಪಾಠ ಬೇಜಾರಾಗುತ್ತಿದೆ ಅಂದುಕೊಂಡು ಪವಿತ್ರ ಸಂಗೀತ ಸೇರಿಸಿದಳು. ಕಷ್ಟವಾಗುತ್ತಿದೆ ಅಂದುಕೊಂಡು ವ್ಯಾಕರಣ ತೆಗೆದಳು. ಗೆರೆ ಮತ್ತೂ ಬಿತ್ತು. ಕೊನೆಗೊಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಡಿದಳು. ಭವ್ಯ ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಪಾಠ ಹಾಕುತ್ತಾಳೆ. ಅಷ್ಟರಲ್ಲಿ ಮಾವನಿಗೆ ಬಿಸಿನೀರು. ಮತ್ತೆ ಹಾಕುತ್ತಾಳೆ. ಯಳಂದೂರಿನ ಗೊಬ್ಬರದ ಅಂಗಡಿಗೆ ಹೊರಟ ಗಂಡನಿಗೆ ಬುತ್ತಿ. ಮತ್ತೆ ಹಾಕುವ ಹೊತ್ತಿಗೆ "ಭವ್ಯಾ..."

ಅವತ್ತೇ ಪವಿತ್ರ ಹಿತ್ತಲಲ್ಲಿ ನಿಂತು ತನ್ನ ಗೈಡ್ ಮೇಡಂಗೆ ಫೋನ್ ಮಾಡಿದಳು. "ಮೇಡಂ, ಪಾಠ ಕಷ್ಟ ಆಗ್ತಿರ್ಲಿಲ್ಲ. ಪಾಠಕ್ಕೆ ಕೂರೋದು ಕಷ್ಟ ಆಗ್ತಿತ್ತು. ನನ್ಗೆ ಈಗ ಗೊತ್ತಾಯ್ತು." ಪಾತ್ರೆ ತೊಳೆಯುತ್ತಿದ್ದ ಭವ್ಯಳಿಗೆ ಆ ಮಾತು ಕೇಳಿಸಿತು. ತನ್ನನ್ನು ಒಬ್ಬರು ಅಷ್ಟು ಹೊತ್ತು ಕೂತು ನೋಡಿದರಲ್ಲ ಎಂದು ಕೈ ಬೂದಿಯಲ್ಲೇ ನಿಂತಿತು. ಎರಡು ದಿನ ಕೂತು ಪವಿತ್ರ ಪಾಠಗಳನ್ನೆಲ್ಲ ತುಂಡು ತುಂಡು ಮಾಡಿದಳು, ಒಂದೊಂದು ತುಂಡೂ ಒಂದು ಸಲ ಹಾಲು ಕಾಯುವಷ್ಟು ಹೊತ್ತಿನದು. ಪಾಠ ಅಡುಗೆಮನೆಗೆ ಅಳತೆಯಾಗಿ ಕೂತಿತು.

ಎಲ್ಲ ತುಂಡುಗಳಲ್ಲಿ ಭವ್ಯ ಮತ್ತೆ ಮತ್ತೆ ನೋಡುತ್ತಿದ್ದುದು ಒಂದನ್ನೇ. ಕೋರ್ಸು ತೆರೆದಾಗಲೆಲ್ಲ ಮೊದಲಿಗೇ ಬರುತ್ತಿದ್ದ ಅದರಲ್ಲಿ ಪಾಠವೇ ಇರಲಿಲ್ಲ. ಕನ್ನಡಕದ ಹೆಂಗಸೊಬ್ಬರು, ಎಂಟೂ ಪಾಠ ಮುಗಿಸಿದವರು ಭಾನುವಾರಗಳಂದು ಕೊಳ್ಳೇಗಾಲದಲ್ಲಿ ನಡೆಯುವ ತರಗತಿಗೆ ಬಂದು ಹತ್ತನೆಯ ಪರೀಕ್ಷೆಗೆ ಕಟ್ಟಬಹುದು ಎಂದು ಹೇಳುತ್ತಿದ್ದರು. ಭವ್ಯ ಅವರನ್ನು ನೋಡುತ್ತಿರಲಿಲ್ಲ. ಅವರ ಬೆನ್ನ ಹಿಂದಿನ ಕೋಣೆಯನ್ನು ನೋಡುತ್ತಿದ್ದಳು. ಬೆಂಚುಗಳು, ಒಂದು ಕಿಟಕಿ, ಯಾರೋ ಒಬ್ಬಳು ಹಿಂದಕ್ಕೆ ತಿರುಗಿ ನಗುತ್ತಿದ್ದಳು. ಕೌದಳ್ಳಿಯಲ್ಲಿದ್ದಾಗ ಅವಳೂ ಬಸ್ಸು ಹತ್ತಿ ಹನೂರಿನ ಹೈಸ್ಕೂಲಿಗೆ ಹೋಗುತ್ತಿದ್ದವಳೇ. ತಮಿಳು ಮಾತಾಡುವ ಹೂವಿನ ಹೆಂಗಸರ ಕುಕ್ಕೆಗಳ ನಡುವೆ ಕಿಟಕಿ ಪಕ್ಕ ಜಾಗ ಸಿಕ್ಕಿದ ದಿನ ಏನೋ ಗೆದ್ದಂತಿರುತ್ತಿತ್ತು. ಅವ್ವ ಹಾಸಿಗೆ ಹಿಡಿದ ಮೇಲೆ ಬಸ್ಸು ನಿಂತಿತು. ಅವ್ವ ಹೋದ ಮೇಲೆ ಮದುವೆಯಾಯಿತು. ಮುಳ್ಳೂರಿಗೆ ಬಂದ ಮೇಲೆ ಅವಳು ಒಬ್ಬಳೇ ಹೋಗುವ ಜಾಗವೆಂದರೆ ಬೀದಿಯ ಕೊನೆಯ ಹಿಟ್ಟಿನ ಮಿಲ್ಲು.

ಭಾನುವಾರದ ಕೋಣೆಯ ಆಸೆಯನ್ನು ಅವಳು ಪವಿತ್ರಳಿಗೂ ಹೇಳಿರಲಿಲ್ಲ. ಹೇಳಿದರೆ ಪವಿತ್ರ ಅದನ್ನು ನಡುಮನೆಯಲ್ಲಿ ನಿಂತು ಕೂಗುತ್ತಾಳೆ ಎಂದು ಗೊತ್ತಿತ್ತು.

ಎಂಟನೆಯ ಪಾಠದ ಕೊನೆಯಲ್ಲಿ ಒಂದೇ ಪ್ರಶ್ನೆ: ಮುಂದೆ ನೀವು ಏನು ಮಾಡಬೇಕೆಂದಿದ್ದೀರಿ? ಗಟ್ಟಿಯಾಗಿ ಹೇಳಿ.

ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತದೆ. ಆದರೆ ಗಟ್ಟಿಯಾಗಿ ಎಲ್ಲಿ ಹೇಳುವುದು? ನಡುಮನೆಯಲ್ಲಿ ಮಾವ ಟಿವಿ ಮುಂದೆ. ಅಡುಗೆಮನೆಯ ಮಾತು ಅತ್ತೆಯ ಕಿವಿಗೆ ಬೀಳದೆ ಇರದು. ಹಗಲು ಹೊತ್ತು ಕೋಣೆಯ ಬಾಗಿಲು ಹಾಕುವ ರೂಢಿ ಆ ಮನೆಯಲ್ಲಿಲ್ಲ. ಹಿತ್ತಲಿಗೆ ಹೋದರೆ ಗೋಡೆಯಾಚೆ ಲಕ್ಷ್ಮಿದೇವಿ ಬಟ್ಟೆ ಒಗೆಯುವ ನೆಪದಲ್ಲಿ ಊರಿನ ಮಾತೆಲ್ಲ ಒಗೆಯುತ್ತಿರುತ್ತಾಳೆ. ರಾಗಿ ಬೀಸಿಸುವ ದಿನ ಬರುವ ತನಕ ಭವ್ಯ ಕಾದಳು. ಚೀಲ ಸೊಂಟಕ್ಕೇರಿಸಿ, ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಿಲ್ಲಿಗೆ ಹೋದಳು.

ಮಿಲ್ಲಿನ ಕೆಂಚಯ್ಯ ತಲೆಯಿಂದ ಹುಬ್ಬಿನವರೆಗೂ ಬೆಳ್ಳಗಾಗಿದ್ದ. ಪಟ್ಟಿ ತಿರುಗುವ ಸದ್ದಿಗೆ ನೆಲವೇ ನಡುಗುತ್ತಿತ್ತು. ಭವ್ಯ ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ತುಟಿಗೆ ತಂದುಕೊಂಡಳು. ಭಾನುವಾರ, ಕೊಳ್ಳೇಗಾಲ, ಬಸ್ಸು, ಬೆಂಚು ಎಲ್ಲ ಬಾಯಿಗೆ ಬಂತು. ಆದರೆ ಹೊರಗೆ ಬಿದ್ದದ್ದು ಎರಡೇ ಮಾತು.

"ನಾನು ಓಗ್ಬೇಕು."

ಗುಂಡಿ ಒಂದೇ ಸಲಕ್ಕೆ ಹಸಿರಾಯಿತು. ಕೆಳಗೆ ಏನು ಬರೆದುಕೊಂಡಿತು ಎಂದು ನೋಡುವಷ್ಟರಲ್ಲಿ ಕೆಂಚಯ್ಯ ಬಿಸಿ ಹಿಟ್ಟನ್ನು ಚೀಲಕ್ಕೆ ಬಿಡತೊಡಗಿದ.

"ಏನವ್ವಾ, ಈ ಸದ್ನಲ್ಲಿ ಫೋನ್ ಮಾಡಿಯೆ? ಕೇಳ್ದದಾ?" ಎಂದು ಕೂಗಿದ. "ನಮ್ಮನೆಯವ್ಳು ಬೈಯದೇ ನಂಗಿಲ್ಲಿ ಕೇಳಕಿಲ್ಲ. ಅದ್ಕೇ ಕನವ್ವ ಇಲ್ಲೇ ಬಿದ್ದಿರದು ನಾನು!"

ಭವ್ಯ ನಕ್ಕಳು. ಮನೆಗೆ ಬರುವಾಗ ಚೀಲದ ಬಿಸಿ ಸೊಂಟಕ್ಕೆ ಹಿತವಾಗಿತ್ತು.

ಪವಿತ್ರ ಮೈಸೂರಿಗೆ ಹೊರಡುವ ದಿನ ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಎಲ್ಲರನ್ನೂ ಟಿವಿ ಮುಂದೆ ಕೂರಿಸಿದಳು. ಷಡಕ್ಷರಿಯವರು ವಿಭೂತಿ ಹಚ್ಚಿದ ಹಣೆಯಲ್ಲೇ ಬಂದು ಕೂತರು. ಶಾಂತಮೂರ್ತಿ ಗೋಡೆಗೊರಗಿದ. ಸುವರ್ಣಮ್ಮ ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡಿದ್ದಳು. ಭವ್ಯ ಕಾಫಿ ಲೋಟಗಳನ್ನು ಕೊಟ್ಟು ಅಡುಗೆಮನೆಯ ಬಾಗಿಲಿಗೆ ಆತುಕೊಂಡಳು.

"ಎಂಟು ಪಾಠನೂ ಮುಗ್ಸವ್ರೆ ಅತ್ತಿಗೆ. ಕೊನೇ ಪ್ರಶ್ನೆಗೆ ಏನ್ ಹೇಳವ್ರೆ ಗೊತ್ತಾ? ಮೇಡಂ ಇದ್ನ ನೋಡಿ ಎಷ್ಟ್ ಖುಷಿಪಟ್ರು!"

ಟಿವಿಯ ತುಂಬ ದಪ್ಪ ಅಕ್ಷರ ಮೂಡಿತು.

ನಾನು ಓದಬೇಕು.

ಅವಳು ಎರಡು ಸಲ ಓದಿಕೊಂಡಳು. ಅದು ಅವಳ ಮಾತೂ ಹೌದು, ಅವಳ ಮಾತೂ ಅಲ್ಲ. ಫೋನು ಅವಳ ಮಾತಿನ ಒಂದಕ್ಷರವನ್ನು ತನಗೆ ತಿಳಿದಂತೆ ತಿದ್ದಿತ್ತು.

"ಓದ್ಲಿ ಬುಡವ್ವ, ಯಾರ್ ಬ್ಯಾಡ ಅಂದರು?" ಷಡಕ್ಷರಿಯವರು ಲೋಟ ಕೆಳಗಿಟ್ಟರು. "ಫೋನ್ನಲ್ಲೇ ಎಸ್ಸೆಲ್ಸಿ ಆಯ್ತದ ಅಂದ್ರೆ ಬಿಎನೂ ಮಾಡ್ಲಿ."

"ನಾನೂ ಅದ್ಕೇ ಎದ್ರುಕಂಡಿದ್ದಿ," ಎಂದಳು ಸುವರ್ಣಮ್ಮ. ದನಿಯಲ್ಲಿ ನಿಜವಾದ ನೆಮ್ಮದಿಯಿತ್ತು. "ಪಾಠ ಪಾಠ ಅಂತ ಕೊನೀಕೆ ಕೊಳ್ಳೇಗಾಲ್ದ ಬಸ್ಸತ್ತಾಳೇನೋ ಅಂತ. ಮನೇಲೇ ಕುಂತ್ಕಂಡು ಓದದಾದ್ರೆ ಓದ್ಕಳ್ಳವ್ವ ಮಗಾ, ನಾನೇನ್ ರಾಕ್ಷಸಿನಾ?"

"ಹೊಸ ಫೋನೇ ಕೊಡಿಸ್ತೀನಿ," ಶಾಂತಮೂರ್ತಿ ಹೆಂಡತಿಯ ಕಡೆ ನೋಡಿ ನಾಚಿದವನಂತೆ ಅಂದ.

ಪವಿತ್ರಳ ಮುಖ ಹೊಳೆಯುತ್ತಿತ್ತು. "ಅದೇ ಅಣ್ಣ ನನ್ ಕೋರ್ಸಿನ ಗೆಲುವು. ಮೇಡಂಗೂ ಹೇಳ್ದೆ, ಭಾನುವಾರದ ಕ್ಲಾಸನ್ನೂ ಲೈವ್ ಮಾಡಿ ಫೋನಿಗೇ ತಂದ್ಬಿಡೋಣ ಅಂತ. ಅತ್ತಿಗೆಯಂಥೋರು ಹೊಸ್ತಿಲು ದಾಟೋದೇ ಬೇಡ!"

ಒಬ್ಬೊಬ್ಬರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಟಿವಿಯಲ್ಲಿ ಆ ಅಕ್ಷರಗಳು ಅಲ್ಲಾಡದೆ ನಿಂತಿದ್ದವು. ಭವ್ಯ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಅದಲ್ಲ... ನಾನು ಓಗ್ಬೇಕು," ಎಂದಳು.

ನಾಲ್ವರೂ ಅವಳ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ತಿರುಗಿದ್ದೇ ಅವಳು ಅಡುಗೆಮನೆಯೊಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಓಗವ್ವ, ಓಗು," ಎಂದಳು ಸುವರ್ಣಮ್ಮ. "ಒಲೆ ಮ್ಯಾಲೆ ಆಲು ಅದ. ಅದ್ನೂ ಕೇಳ್ಕಂಡು ಓಯ್ತಾರಾ?"

ಅವಳು ಒಳಗೆ ಹೋದಳು. ಹಾಲು ಆಗಲೇ ಅಂಚಿಗೆ ಬಂದಿತ್ತು. ಒಲೆ ಆರಿಸಿದಳು.

ಹೊರಡುವ ಮುಂಚೆ ಪವಿತ್ರ ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿಯ ಪಕ್ಕದ ಫೋನನ್ನು ಎತ್ತಿಕೊಂಡಳು. "ಅತ್ತಿಗೆ, ಒಂದ್ ತಪ್ಪಿಗೆ ಮೇಡಂ ಬೈದ್ರು. ಮುಂದಕ್ಕೆ ಹೋಗೋ ಗುಂಡಿ ಮಾತ್ರ ಇಟ್ಟಿದ್ದೀಯ, ಕಲಿಯೋರು ಹಿಂದಕ್ಕೆ ಬಂದು ತಿದ್ಕೋಬೇಕು ಅಂದ್ರೆ ಏನ್ ಮಾಡ್ಬೇಕು ಅಂತ. ನಂಗೆ ಅದು ಹೊಳೆದೇ ಇರ್ಲಿಲ್ಲ ನೋಡಿ. ಈಗ ಹಾಕಿದ್ದೀನಿ, ಇಲ್ಲಿ." ಪರದೆಯ ಮೂಲೆಯಲ್ಲಿ 'ಹಿಂದೆ' ಎಂದು ಹೊಸದಾಗಿ ಬರೆದಿತ್ತು. "ಏನಾದ್ರೂ ಹೇಳೋದಿತ್ತಾ ಅತ್ತಿಗೆ? ಆಗ್ಲಿಂದ ಮುಖ ಒಂಥರಾ ಇದೆ."

ಭವ್ಯ ಬಾಯಿ ತೆರೆಯುವಷ್ಟರಲ್ಲಿ ಹೊರಗಿಂದ ಶಾಂತಮೂರ್ತಿ ಬೈಕಿನ ಹಾರನ್ ಒತ್ತಿದ. ಬಸ್ಸಿಗೆ ಹೊತ್ತಾಗಿತ್ತು. ಪವಿತ್ರ ಅತ್ತಿಗೆಯ ಕೆನ್ನೆ ಸವರಿ ಓಡಿದಳು. ಮಾವ ಅವರ ಹಿಂದೆಯೇ ತೋಟದ ಕಡೆ ಹೊರಟರು.

ಮನೆ ಸದ್ದಡಗಿತು. ನಡುಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುವ ಚಟ್ ಚಟ್ ಮಾತ್ರ ಕೇಳುತ್ತಿತ್ತು. ಮಿಲ್ಲಿಗೆ ಹೋಗಲು ನೆಪವಿರಲಿಲ್ಲ, ಹಿಟ್ಟಿನ್ನೂ ಡಬ್ಬದ ತುಂಬ ಇತ್ತು.

ಭವ್ಯ ಫೋನನ್ನು ಡಬ್ಬಿಗೆ ಒರಗಿಸಿ 'ಹಿಂದೆ' ಒತ್ತಿದಳು. ಎಂಟನೆಯ ಪಾಠ ತೆರೆಯಿತು. 'ನಾನು ಓದಬೇಕು' ಎನ್ನುವುದು ಅಳಿಸಿಹೋಗಿ ಪ್ರಶ್ನೆ ಮತ್ತೆ ಬಂತು: ಮುಂದೆ ನೀವು ಏನು ಮಾಡಬೇಕೆಂದಿದ್ದೀರಿ? ಗಟ್ಟಿಯಾಗಿ ಹೇಳಿ.

ಅವಳು ಅಂಗೈಯನ್ನು ಬಾಯಿಯ ಮುಂದೆ ಹಿಡಿದಳು.

"ನಾನು ಹೋಗ್ಬೇಕು," ಎಂದಳು. "ಕೊಳ್ಳೇಗಾಲ್ದ ಕ್ಲಾಸಿಗೆ. ಬಸ್ಸಲ್ಲಿ."

ಗೋಡೆಗಳಿಗೆ ಕೇಳುವಷ್ಟು ಗಟ್ಟಿಯಾಗಿತ್ತು ಅದು. ಫೋನು ಒಂದೊಂದೇ ಅಕ್ಷರ ಬರೆದುಕೊಂಡಿತು. ಈ ಸಲ ಏನನ್ನೂ ತಿದ್ದಲಿಲ್ಲ.

ನಡುಮನೆಯಲ್ಲಿ ಅವರೆಕಾಯಿಯ ಸದ್ದು ನಿಂತಿತು.

"ಎಲ್ಗೆ ಅಂದೆ?" ಎಂದಳು ಸುವರ್ಣಮ್ಮ.

ಭವ್ಯ ಕೈ ಇಳಿಸಲಿಲ್ಲ. ಉಸಿರಿನ ಬಿಸಿ ಅಂಗೈಯಲ್ಲಿ ಇನ್ನೂ ಇತ್ತು.