ಒಂದೇ ಸ್ಪೀಕರ್

ಗಂಟಲ ಶಸ್ತ್ರಚಿಕಿತ್ಸೆಗೆ ಎರಡು ದಿನ ಮೊದಲು ಲೆಂಪಿ ನನ್ನ ಸ್ಟುಡಿಯೋಗೆ ಬಂದಿದ್ದರು. ಎಡಕ್ಕೊಂದು, ಬಲಕ್ಕೊಂದು ಮೈಕ್ ಇಟ್ಟು, ಹುಟ್ಟಲಿದ್ದ ಮೊಮ್ಮಗುವಿಗೆಂದು ಅವರಾಡಿದ ಎರಡು ನಿಮಿಷದ ಮಾತನ್ನು ಚಿತ್ರೀಕರಿಸಿದ್ದೆ. ಆಮೇಲೆ ನಾಲ್ಕು ವರ್ಷ ಅವರು ದನಿಯಿಲ್ಲದೆ ಬದುಕಿದರು. ಗಂಡ ಆರ್ವೊ ಅವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

ಲೆಂಪಿ ತೀರಿಕೊಂಡ ವಾರ ಆರ್ವೊ ನನ್ನ ಪಕ್ಕ ಕುಳಿತಿದ್ದರು. ಶನಿವಾರ ಚರ್ಚಿನಲ್ಲಿ ನಡೆಯಲಿದ್ದ ನೆನಪಿನ ಸಭೆಗೆ ವಿಡಿಯೋ ಸಿದ್ಧವಾಗಿತ್ತು. ಆಡಿಯೋ ಹೇಗೆ ಹೊರಬರಬೇಕೆಂಬುದನ್ನು ಆರಿಸುವುದಷ್ಟೇ ಬಾಕಿ.

"ಚರ್ಚಿನ ನೆಲಮಾಳಿಗೆಯಲ್ಲಿರೋದು ಒಂದೇ ಸ್ಪೀಕರ್ ಕಣಮ್ಮ," ಎಂದರು. "ನಾನು ಥಂಡರ್ ಬೇ ಊರಲ್ಲಿ ರೈಲು ಓಡಿಸ್ತಿದ್ದ ಕಾಲದ್ದು. ನೀನೂ ಎರಡು ಮೈಕಿನದನ್ನ ಕೂಡಿಸಿ ಒಂದೇ ಮಾಡಿಬಿಡು."

"ಎಡ, ಬಲ ಬೇರೆಬೇರೆಯಾಗಿ ಸ್ಟೀರಿಯೋನೇ ಇರ್ಲಿ ಬಿಡಿ. ಕೂಡಿಸೋ ಕೆಲಸ ಅಲ್ಲಿನ ಸೌಂಡ್ ಮಿಕ್ಸರ್ ಮಾಡ್ಕೊಳ್ಳುತ್ತೆ. ಲೆಂಪಿ ದನಿನ ನಾನ್ಯಾಕೆ ಅರ್ಧ ಮಾಡ್ಲಿ?"

"ಅವಳಿದ್ದಿದ್ರೆ, ಅರ್ಧ ಸಾಕು, ಈ ಮುದುಕ ಅಷ್ಟನ್ನೂ ಕೇಳಲ್ಲ ಅಂತಿದ್ಲು." ಆಮೇಲೆ ಹೇಳಿದರು, "ಅಜ್ಜಿ ದನಿ ಹೇಗಿತ್ತು ಅಂತ ಮೊಮ್ಮಗಳು ವೀವಿ ಕೇಳ್ತಾನೇ ಇರ್ತಾಳೆ. ಅದನ್ನ ಹೇಗೆ ಹೇಳೋದು?"

ಸ್ಟೀರಿಯೋ, ನಲವತ್ತೆಂಟು ಕಿಲೋಹರ್ಟ್ಸ್, ಅತಿ ಹೆಚ್ಚಿನ ಗುಣಮಟ್ಟ ಎಂದು ಆರಿಸಿದೆ. ಹೆಡ್‌ಫೋನಿನಲ್ಲಿ ಮೂರು ಸಲ ಕೇಳಿದೆ. ದನಿ ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದಂಥ ಒಂದು ಟೊಳ್ಳುತನ ಇತ್ತು. ಕೋಣೆಯ ಗುಣವಿರಬೇಕೆಂದುಕೊಂಡು ಬಿಟ್ಟೆ.

ಶನಿವಾರ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟು, ಏಲಕ್ಕಿ ಹಾಕಿದ ಸಿಹಿ ಪುಲ್ಲಾ ಬ್ರೆಡ್ ಹಂಚಿದ ಮೇಲೆ ದೀಪ ಆರಿಸಿದರು. ಪರದೆಯ ಮೇಲೆ ಲೆಂಪಿ ನಕ್ಕು ಬಾಯಿ ತೆರೆದರು. ಸ್ಪೀಕರಿನಿಂದ ನನ್ನ ಗೋಡೆ ಗಡಿಯಾರದ ಟಿಕ್ ಟಿಕ್ ಬಂತು. ಕುರ್ಚಿ ಕಿರುಗುಟ್ಟಿದ್ದು ಬಂತು. ದನಿ ಮಾತ್ರ ಬರಲಿಲ್ಲ.

ನನಗೆ ತಕ್ಷಣ ತಿಳಿಯಿತು. ಬಲ ಮೈಕಿನ ಕೇಬಲ್ಲಿಗೆ ನಾನೇ ಬೆಸುಗೆ ಹಾಕಿದ್ದೆ. ಎರಡು ತಂತಿಗಳು ಅದಲುಬದಲಾಗಿದ್ದವು. ಒಂದು ಮೈಕಿನಲ್ಲಿ ಅಲೆ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿದಿತ್ತು. ಎರಡು ಕಿವಿಗೆ ಬೇರೆ ಬೇರೆಯಾಗಿ ಬಿದ್ದಾಗ ದನಿ ಇತ್ತು. ಒಂದೇ ಸ್ಪೀಕರಿನಲ್ಲಿ ಕೂಡಿದಾಗ ಒಂದು ಇನ್ನೊಂದನ್ನು ಅಳಿಸಿತು; ಎರಡೂ ಮೈಕಿಗೆ ಸಮನಾಗಿ ಬೀಳದ ಪಕ್ಕದ ಸದ್ದುಗಳಷ್ಟೇ ಉಳಿದವು. ಆರ್ವೊ ಹೇಳಿದಂತೆ ಒಂದೇ ಮಾಡಿ ಕೇಳಿದ್ದರೆ ನನ್ನ ಮೇಜಿನಲ್ಲೇ ಗೊತ್ತಾಗುತ್ತಿತ್ತು.

ಒಂದು ಮೈಕಿನದನ್ನು ಮುಚ್ಚಲು ನಾನು ಮಿಕ್ಸರಿನತ್ತ ಏಳುವಷ್ಟರಲ್ಲಿ ಮುಂದಿನ ಸಾಲಿನಿಂದ ಆರ್ವೊ ಅವರ ಒರಟು ದನಿ ಕೇಳಿತು. ಲೆಂಪಿಯ ತುಟಿ ನೋಡುತ್ತ, ಒಂದೊಂದೇ ಮಾತು ಹೇಳುತ್ತಿದ್ದರು.

"ಮಗೂ, ನಾನು ನಿನ್ನಜ್ಜಿ. ನನ್ನ ಪುಲ್ಲಾಗೆ ಏಲಕ್ಕಿ ಜಾಸ್ತಿ ಅಂತ ನಿನ್ನಜ್ಜ ಹೇಳ್ತಾನೆ. ನಂಬಬೇಡ."

ಯಾರೂ ನಗಲಿಲ್ಲ. ಅವರನ್ನು ತಡೆದು ಮಿಕ್ಸರಿನತ್ತ ಹೋಗಲು ನನ್ನಿಂದಾಗಲಿಲ್ಲ.

ಮುಗಿದ ಮೇಲೆ ವೀವಿ ಅಜ್ಜನ ತೋಳು ಎಳೆದಳು. "ಅಜ್ಜಿ ದನಿ ನಿನ್ನ ಥರಾನೇ ಇತ್ತಾ ಅಜ್ಜ?"

"ಇಲ್ಲ ಪುಟ್ಟಿ," ಎಂದರು ಆರ್ವೊ. "ಚೆನ್ನಾಗಿತ್ತು."

ಮರುದಿನ ಎಡ ಮೈಕಿನದನ್ನಷ್ಟೇ ಇಟ್ಟುಕೊಂಡು, ಮೊನೊ ಮಾಡಿ ಅವರ ಮನೆಗೆ ಒಯ್ದೆ. ಮಗ, ಸೊಸೆ, ವೀವಿ ಬೆಳಗಿನ ವಿಮಾನಕ್ಕೆ ಹೊರಟುಹೋಗಿದ್ದರು.

"ಕಳಿಸ್ತೀನಿ. ಫೋನಲ್ಲಿ ಕೇಳ್ತಾಳೆ," ಎಂದರು ಆರ್ವೊ. "ಎಲ್ಲರ ಮಧ್ಯೆ, ನನ್ನ ಪಕ್ಕ ಕೂತು ಕೇಳ್ಲಿ ಅಂತಿದ್ದೆ."

"ತಪ್ಪು ನಂದೇ," ಎಂದೆ.

ಅವರು ಪೆನ್‌ಡ್ರೈವನ್ನು ಅಂಗೈಯಲ್ಲಿ ತಿರುಗಿಸಿದರು. "ಈ ಸಲ ಒಂದೇ ಸ್ಪೀಕರಲ್ಲಿ ಕೇಳಿ ನೋಡಿದ್ಯಾ?"

"ನೋಡಿದೆ."

"ಹೇಗಿದ್ದಾಳೆ?"