ಇಬ್ಬರು ರಾಣಿಯರು, ಒಬ್ಬ ಅತ್ತೆ

ದುಬೈನ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ನಿವೇದಿತಾ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ, ಏಳು ವರ್ಷದ ಮಗಳು ಚೆನ್ನಮ್ಮ ಬಂದು ನೈಟಿ ಜಗ್ಗಿದಳು.

"ಅಮ್ಮಾ, ನನ್ನ ನೇಮ್ ಇರೋ ಫೇಮಸ್ ಜನರ ಬಗ್ಗೆ ಕ್ಲಾಸಿನ್ಯಾಗ ಹೇಳಬೇಕು. ಟುಡೇ!"

"ಬಸ್ ಬರೋ ಹೊತ್ತಿಗೆ ನೆನಪಾತೇನು? ಕೇಳವ್ವಿ. ಕೆಳದಿ ರಾಣಿ ಔರಂಗಜೇಬನ ಸೈನ್ಯಕ್ಕ ಹೆದರಲಿಲ್ಲ. ಕಿತ್ತೂರ ರಾಣಿ ಇಂಗ್ಲಿಷರ ಕೂಡ ಯುದ್ಧಾ ಮಾಡಿದ್ಲು. ಮೂರನೇದಾಕಿ ಬೈಲಹೊಂಗಲದ ನಿಮ್ಮಜ್ಜಿ. ಆಕಿಗೆ ನಿಮ್ಮಪ್ಪನೂ ಹೆದರ್ತಾನ!"

ಮಗಳು ಕಿಲಕಿಲ ನಕ್ಕಳು. ಅವಳಿಗೆ ಇಟ್ಟಿದ್ದು ಆ ಅಜ್ಜಿಯ ಹೆಸರನ್ನೇ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆಂಬ ರೂಢಿಯಿಂದ ನಿವೇದಿತಾಳಿಗೆ ಮಗಳು ತೊಟ್ಟಿಲಿನಿಂದಲೂ ಬರೀ 'ಅವ್ವಿ'. ಸಂಸಾರ ದುಬೈಗೆ ಬಂದು ವರ್ಷಗಳಾದರೂ ಅವಳ ನಾಲಿಗೆ ಮಾತ್ರ ಬೈಲಹೊಂಗಲ ಬಿಟ್ಟು ಕದಲಿರಲಿಲ್ಲ.

ಬೂಟು ಹಾಕಿಕೊಳ್ಳುತ್ತಾ ಮಗಳು ತಾಯಿಯ ಮುಖ ನೋಡಿದಳು. ಕೆಲವು ದಿನಗಳಿಂದ ಹೀಗೆಯೇ, ಏನೋ ಕೇಳಲು ಬಾಯಿ ತೆರೆದು ಮುಚ್ಚಿಬಿಡುತ್ತಿದ್ದಳು. ನಿವೇದಿತಾ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಅವಳೆದುರು ಕುಳಿತಳು.

"ಬಸ್ ಹೋದ್ರ ಹೋಗ್ಲಿ. ಏನದು, ಹೇಳವ್ವಿ."

"ಎಲ್ಲಾರ ಕತಿ ಹೇಳಿದಿ, ನೇಮ್ ಮಾತ್ರ ಒಮ್ಮೆನೂ ಹೇಳಲಿಲ್ಲ. ಅಮ್ಮಾ, ನನ್ನ ಹೆಸರು ನಿನಗ ಇಷ್ಟ ಇಲ್ಲೇನು?"